ಅವ್ವ ಕೇಂದ್ರಸ್ಥಾನ ಬಿಟ್ಟ ಶನಿವಾರ

ಅವ್ವನನ್ನು ಯಾರಾದರೂ ದೇವತೆ ಎಂದು ಕರೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳು ನಿವೃತ್ತಳಾದ ದಿನ ಒಬ್ಬರಲ್ಲ, ನಾಲ್ಕು ಜನ ವೇದಿಕೆ ಹತ್ತಿ ಆ ಮಾತು ಹೇಳಿದರು. ನಾಲ್ವರಲ್ಲಿ ಒಬ್ಬರಿಗೂ ಅವಳ ಕೆಲಸ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ದೇವತೆ ಎಂದುಬಿಟ್ಟರೆ ಎಷ್ಟು ಅನುಕೂಲ ನೋಡಿ. ದೇವತೆಗೆ ರಜೆ ಬೇಡ, ನೀರಿನ ಕೊಳಾಯಿ ಬೇಡ, ಕೋಣೆಗೆ ಬಾಗಿಲು ಬೇಡ. ದೇವತೆಗೆ ಸೊಂಟ ನೋಯುವುದಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕೇಳಿದೆ. ಪಕ್ಕದಲ್ಲಿದ್ದ ನನ್ನ ಮಗಳು, ನೀನು ಯಾಕಮ್ಮ ಒಳ್ಳೆ ಮಾತಿಗೂ ಸಿಡುಕುತ್ತೀಯ ಎಂದು ಕೇಳಿದಳು. ಅವಳಿಗೆ ಉತ್ತರ ಹೇಳಬೇಕಾದರೆ ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷಕ್ಕೆ, ಆಗ ನಾವಿದ್ದ ಮನೆಗೆ ಹೋಗಬೇಕು.

ತಳಕು ದಾಟಿ ಮೊಳಕಾಲ್ಮುರಿನ ಕಡೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ ಆ ಊರು. ಊರ ಹೊರಗೆ, ಜಾಲಿ ಬೆಳೆದ ಕಲ್ಲುನೆಲದಲ್ಲಿ ಆರೋಗ್ಯ ಉಪಕೇಂದ್ರ. ಅವ್ವ ಅಲ್ಲಿಯ ನರ್ಸು, ಸೂಲಗಿತ್ತಿ, ಗುಮಾಸ್ತೆ, ಕಸ ಗುಡಿಸುವವಳು, ಎಲ್ಲವೂ. ಸರ್ಕಾರ ಕಟ್ಟಿಸಿಕೊಟ್ಟಿದ್ದು ಮೂರೇ ಕೋಣೆ. ಮುಂದಿನ ಕೋಣೆ ಕೇಂದ್ರ. ಅಲ್ಲಿ ಕಬ್ಬಿಣದ ಮಂಚ, ಅದರ ಮೇಲೆ ಕೆಂಪು ರೆಕ್ಸಿನ್, ಕೂಸು ತೂಗುವ ತಕ್ಕಡಿ, ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ನಡುವಿನ ಕೋಣೆಯಲ್ಲಿ ನಾವು ಮಲಗುತ್ತಿದ್ದೆವು. ಹಿಂದಿನದು ಅಡುಗೆಮನೆ. ಮುಂದಿನ ಕೋಣೆಗೂ ನಡುವಿನ ಕೋಣೆಗೂ ಮಧ್ಯೆ ಚೌಕಟ್ಟು ಇತ್ತು, ಬಾಗಿಲು ಇರಲಿಲ್ಲ. ಗುತ್ತಿಗೆದಾರರು ಮರೆತಿದ್ದರಂತೆ. ಅಲ್ಲಿ ಒಂದು ಹಳೆಯ ಜಮಖಾನ ಇಳಿಬಿಟ್ಟಿದ್ದೆವು. ಈ ಕಡೆ ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದರೆ ಆ ಕಡೆ ಯಾರೋ ಹೆರುತ್ತಿದ್ದರು. ಹೊಸ ಕೂಸಿನ ಮೊದಲ ಅಳುವನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ಅದು ತಡವಾದರೆ ನನ್ನ ಬಾಯಿಯೂ ತಾನಾಗಿ ನಿಂತುಹೋಗುತ್ತಿತ್ತು. ಅಳು ಬಂದ ಮೇಲೆ ಮಗ್ಗಿ ಮುಂದುವರಿಯುತ್ತಿತ್ತು.

ಮನೆಯಲ್ಲಿ ಅವ್ವ, ನಾನು, ಜೇಜಿ. ಅಪ್ಪನ ತಾಯಿಯನ್ನು ನಮ್ಮ ಕಡೆಯ ತೆಲುಗು ಮನೆಗಳಲ್ಲಿ ಜೇಜಿ ಎನ್ನುತ್ತಾರೆ. ಅಪ್ಪ ಮೊಳಕಾಲ್ಮುರಿನಲ್ಲಿ ದೊಡ್ಡಪ್ಪನ ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ಹೀಗಾಗಿ ಮನೆಯ ಆಡಳಿತ ಜೇಜಿಯದು, ಸಂಪಾದನೆ ಅವ್ವನದು, ಜಗಳ ಇಬ್ಬರದೂ. ಜಗಳದ ಮೂಲ ಸ್ಟವ್ವು. ಎರಡು ಪಂಪ್ ಸ್ಟವ್ ಇದ್ದವು. ಒಂದು ಅಡುಗೆಯದು, ಇನ್ನೊಂದು ಅವ್ವ ಸೂಜಿ, ಸಿರಿಂಜು, ಕತ್ತರಿ ಕುದಿಸುವುದು. ಸೂಜಿಯ ಸ್ಟವ್ವು ಸದಾ ಕೆಟ್ಟಿರುತ್ತಿತ್ತು. ಅವ್ವ ಸದ್ದಿಲ್ಲದೆ ಅಡುಗೆ ಸ್ಟವ್ವನ್ನು ಮುಂದಕ್ಕೆ ಒಯ್ಯುತ್ತಿದ್ದಳು. ಜೇಜಿ ಅರ್ಧ ಬೆಂದ ಹುರುಳಿಯ ಮುಂದೆ ಕೂತು, ಈ ಮನೆಯಲ್ಲಿ ಬೇಳೆಗಿಂತ ಸೂಜಿ ಹೆಚ್ಚು ಬೇಯುತ್ತದೆ ಎಂದು ಗೋಡೆಗೆ ಹೇಳುತ್ತಿದ್ದಳು.

ಎರಡನೆಯ ಜಗಳ ಮೈಲಿಗೆಯದು. ಹೆರಿಗೆ ಮಾಡಿಸಿದ ಕೈಯಲ್ಲಿ ಅವ್ವ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಹಿತ್ತಲಲ್ಲಿ ಕಲ್ಲುಚಪ್ಪಡಿಯ ಮೇಲೆ ತಲೆಗೆ ನೀರು ಹಾಕಿಕೊಂಡು, ಉಟ್ಟ ಸೀರೆಯನ್ನು ತಾನೇ ಒಗೆದು ಹರವಿ, ಆಮೇಲೆ ಒಳಗೆ ಬರಬೇಕು. ಒಂದು ದಿನ ಎರಡು ಹೆರಿಗೆ ಬಂದರೆ ಎರಡು ಸ್ನಾನ. ಕೊಳಾಯಿ ಇಲ್ಲದ ಮನೆ. ನೀರನ್ನು ಫರ್ಲಾಂಗು ದೂರದ ಕೈಪಂಪಿನಿಂದ ನಾನೇ ಹೊರಬೇಕು. ಪುಷ್ಯ ಮಾಸದ ಚಳಿಗೆ ಅವ್ವನ ಮೂಗು ಸೋರುವುದು ನಿಲ್ಲುತ್ತಲೇ ಇರಲಿಲ್ಲ. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮುದ್ದೆ ತಣ್ಣಗಾಗಿ ಕಲ್ಲಾಗಿರುತ್ತಿತ್ತು. ಅವಳು ಅದನ್ನೇ ಮುರಿದು ಸಾರಿನಲ್ಲಿ ಅದ್ದಿ ನುಂಗುವಳು. ಬಿಸಿ ಮುದ್ದೆ ತಿನ್ನುವ ಅವ್ವನನ್ನು ನೆನೆಸಿಕೊಳ್ಳಲು ಹೋದರೆ ನನಗೆ ಚಿತ್ರವೇ ಬರುವುದಿಲ್ಲ. ನನಗೆ ಜೇಜಿಯ ಮೇಲೆ ಸಿಟ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ಒಂದು ಮಾತೂ ಆಡದೆ ತಲೆಗೆ ನೀರು ಹುಯ್ದುಕೊಳ್ಳುವ ಅವ್ವನ ಮೇಲೆ ಬರುತ್ತಿತ್ತು.

ನಾನು ಅರ್ಜಿ ಬರೆಯುವುದನ್ನು ಕಲಿತದ್ದು ಆ ಮನೆಯಲ್ಲೇ. ಅವ್ವನ ಅಕ್ಷರ ಕೋಳಿ ಕೆದರಿದಂತೆ. ನಿನ್ನದು ದುಂಡಗೆ ಐತೆ ಎಂದು ನನ್ನನ್ನು ಕೂರಿಸಿ ಬರೆಸುತ್ತಿದ್ದಳು. ಬಾಗಿಲು ಕೊಡಿ ಎಂದು ಮೂರು ಅರ್ಜಿ ಬರೆದೆ. ಕೊಳಾಯಿ ಕೊಡಿ ಎಂದು ಎಷ್ಟು ಬರೆದೆನೋ ಮರೆತಿದ್ದೇನೆ. ಹೆರಿಗೆ ಮಾಡಿಸುವ ಮೇಜು ಬೇಕು, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತಿದೆ ಎಂದು ಬರೆದಾಗ ಅವ್ವ ಸೊಂಟದ ಮಾತನ್ನು ಹೊಡೆಸಿದಳು. ನಮ್ಮ ನೋವು ಅವರಿಗೆ ಯಾಕೆ ಎಂದಳು. ಕೊನೆಯಲ್ಲಿ 'ತಮ್ಮ ವಿಧೇಯಳು' ಎಂದು ಬರೆಯದಿದ್ದರೆ ಸಹಿ ಹಾಕುತ್ತಿರಲಿಲ್ಲ. ಯಾವುದಕ್ಕೂ ಉತ್ತರ ಬರಲಿಲ್ಲ. ಸಭೆಗಳಿಗೆ ಹೋದರೆ ಅವಳಿಗೆ ಕುರ್ಚಿ ಇರುತ್ತಿರಲಿಲ್ಲ. ಬಂದ ಅತಿಥಿಗಳಿಗೆ ಟೀ ಹಂಚಲು ಮಾತ್ರ ಅವಳ ನೆನಪಾಗುತ್ತಿತ್ತು. ಊರಲ್ಲಿ ಇಬ್ಬರು ಹುಡುಗರಿಗೆ ಚಳ್ಳಕೆರೆಯ ಡಾಕ್ಟರರ ಹೆಸರಿಟ್ಟಿದ್ದರು. ಇಬ್ಬರನ್ನೂ ಎತ್ತಿದವಳು ಅವ್ವ. ಡಾಕ್ಟರು ಆ ಹುಡುಗರ ಮುಖ ಕಂಡದ್ದು ಗೋಣಿಚೀಲದಲ್ಲಿ ಶೇಂಗಾ ತೆಗೆದುಕೊಂಡು ಅಪ್ಪಂದಿರು ಕಾಣಿಕೆ ಕೊಡಲು ಹೋದಾಗ. ಇದನ್ನು ಹೇಳಿ ನಾನು ಕುಣಿದಾಡಿದರೆ ಅವ್ವ ನಗುತ್ತಿದ್ದಳು. ಎರಡೂ ಹುಡುಗರು ದುಂಡಗಿದಾವಲ್ಲ ಬಿಡೇ ಎನ್ನುತ್ತಿದ್ದಳು.

ಇಂಥ ಮನೆಗೆ ಆ ಶನಿವಾರ ಬಂತು. ಬೆಳಗಿನ ಶಾಲೆ ಮುಗಿಸಿ ನಾನು ಮನೆಗೆ ಬಂದಾಗ ಮುಂಬಾಗಿಲಿಗೆ ಬೀಗ ಬಿದ್ದಿತ್ತು. ಹಿತ್ತಲ ಬಾಗಿಲಿಂದ ಒಳಗೆ ಹೋದರೆ ಅಡುಗೆಮನೆ ತುಂಬ ಸೀದ ವಾಸನೆ. ಅವ್ವ ಮುದ್ದೆಗೆ ಎಸರಿಟ್ಟವಳು ಹಾಗೆಯೇ ಎದ್ದು ಹೋಗಿದ್ದಳು. ಹಿತ್ತಲಲ್ಲಿದ್ದ ಜೇಜಿಗೆ ಅದು ತಿಳಿಯುವಷ್ಟರಲ್ಲಿ ನೀರೆಲ್ಲ ಇಂಗಿ ಪಾತ್ರೆ ಸುಟ್ಟುಹೋಗಿತ್ತು. ಜೇಜಿ ಪಾತ್ರೆಯನ್ನು ಬೂದಿ ಹಾಕಿ ಉಜ್ಜುತ್ತ ತೆಲುಗು ಕನ್ನಡ ಎರಡರಲ್ಲೂ ಬಯ್ಯುತ್ತಿದ್ದಳು. ಅಷ್ಟರಲ್ಲಿ ಮುಂದೆ ಜೀಪು ನಿಂತ ಸದ್ದಾಯಿತು. ಮೇಲಿನ ಕಚೇರಿಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದಿದ್ದರು. ಯಾವ ಕಚೇರಿ, ಯಾವ ಅಧಿಕಾರಿ ಎಂದು ನಾನು ಹೇಳುವುದಿಲ್ಲ. ಆಗ ಎಲ್ಲ ಕಡೆಯೂ ಹೀಗೇ ಇತ್ತು, ಅವರೊಬ್ಬರೇ ಕೆಟ್ಟವರೇನೂ ಅಲ್ಲ. ಬೀಗ ನೋಡಿ ಅವರು ಸುತ್ತು ಹಾಕಿಕೊಂಡು ಹಿತ್ತಲಿಗೆ ಬಂದು, ಸಿಸ್ಟರ್ ಎಲ್ಲಿ ಎಂದು ಜೇಜಿಯನ್ನು ಕೇಳಿದರು. ಜೇಜಿ ಕರಿ ಪಾತ್ರೆಯಿಂದ ತಲೆ ಎತ್ತಲಿಲ್ಲ.

"ಎಲ್ಲಿಗೋ ಹೋದ್ಲು. ಆಕೆ ಮನೇಲಿ ಯಾವಾಗ ಇರ್ತಾಳೆ? ಹೇಳಿ ಹೋಗೋ ಪದ್ಧತಿ ಈ ಮನೇಲಿ ಇಲ್ಲ."

ಅಧಿಕಾರಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನನ್ನೋ ಬರೆದುಕೊಂಡರು. ನನ್ನನ್ನೂ ಕೇಳಿದರು. ನಾನು ಈಗ ಬಂದೆ, ಗೊತ್ತಿಲ್ಲ ಎಂದೆ. ಅದು ನಿಜವೇ ಆಗಿತ್ತು. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಅವ್ವ ಎಲ್ಲಿಗೆ ಹೋಗಿದ್ದಳೆಂದು ತಿಳಿದದ್ದು ಸಂಜೆ. ಒಬ್ಬಕ್ಕ ಎಂಬ ಹೆಂಗಸಿಗೆ ಮೂರನೆಯ ಹೆರಿಗೆ. ನೀರು ಒಡೆದು ಹೋಗಿ ಒಂದು ದಿನ ದಾಟಿತ್ತು, ಕೂಸು ಬಂದಿರಲಿಲ್ಲ. ಬೆಳಿಗ್ಗೆ ಗಂಡ ಗಾಡಿ ಕಟ್ಟಿಕೊಂಡು ಕೇಂದ್ರಕ್ಕೆ ಕರೆತಂದಾಗ ಅವ್ವ ಮುಟ್ಟಿ ನೋಡಿ, ಇದು ಇಲ್ಲಿ ಆಗುವುದಲ್ಲ, ಆಸ್ಪತ್ರೆಗೆ ನಡೀರಿ ಎಂದು ತಾನೂ ಗಾಡಿ ಹತ್ತಿದಳು. ಟಾರು ರಸ್ತೆಗೆ ಬಂದು ನಿಂತರೆ ಬಸ್ಸಿಲ್ಲ. ಮೊಳಕಾಲ್ಮುರಿನ ಕಡೆಯಿಂದ ಬಂದ ಒಂದು ಮೆಟಡೋರನ್ನು ಅವ್ವ ರಸ್ತೆಯ ಮಧ್ಯೆ ನಿಂತು ಅಡ್ಡಗಟ್ಟಿದಳು. ಚಳ್ಳಕೆರೆಯಲ್ಲಿ ಗ್ಯಾರೇಜು ಇಟ್ಟಿದ್ದ ಗೌಸ್ ಸಾಬರ ಗಾಡಿ ಅದು. ಗಂಡ ಎತ್ತುಗಳನ್ನು ಬಿಟ್ಟು ಬರಲಾರದೆ ಹಿಂದೆ ಉಳಿದ. ಒಬ್ಬಕ್ಕ, ಅವಳ ತಾಯಿ, ಅವ್ವ ಮೂವರೂ ಹಿಂದೆ ಹತ್ತಿದರು. ತಳಕು ದಾಟುತ್ತಿದ್ದಂತೆ ಗಾಡಿಯ ಕುಲುಕಾಟಕ್ಕೋ ಏನೋ ಕೂಸು ಬಂದೇಬಿಟ್ಟಿತು. ಹೆಣ್ಣು. ಅಳಲಿಲ್ಲ, ಬಟ್ಟೆಯ ಹಾಗೆ ಜೋತಿತ್ತು. ಅವ್ವ ಬಾಯಿಯ ಲೋಳೆ ಎಳೆದು, ಬೆನ್ನುಜ್ಜಿ, ಕೊನೆಗೆ ತನ್ನ ಬಾಯಿಂದ ಉಸಿರು ಊದಿದ ಮೇಲೆ ಅದು ಬೆಕ್ಕಿನ ಮರಿಯಂತೆ ಸದ್ದು ಮಾಡಿತು. ಹೊಕ್ಕುಳಬಳ್ಳಿ ಕಟ್ಟಿ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಚೀಲದಲ್ಲಿದ್ದ ಇಂಜೆಕ್ಷನ್ ಕೊಟ್ಟು, ಅಂಗೈಯಲ್ಲಿ ಹೊಟ್ಟೆಯನ್ನು ಒತ್ತಿ ಹಿಡಿದು ಉಜ್ಜುತ್ತ ಚಳ್ಳಕೆರೆಯವರೆಗೂ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ, ಊಟಕ್ಕೆ ಹೋಗಿದ್ದರು. ಅಲ್ಲಿಯ ನರ್ಸು ಓಡಿ ಬಂದು ಒಬ್ಬಕ್ಕನಿಗೆ ಡ್ರಿಪ್ ಹಾಕಿದಳು. ರಕ್ತ ಹತೋಟಿಗೆ ಬಂದ ಮೇಲೆ ಡಾಕ್ಟರು ಬಂದು ನೋಡಿ, ಪರವಾಗಿಲ್ಲ ಎಂದರು. ಅವ್ವ ಸಂಜೆಯ ಬಸ್ಸು ಹತ್ತಿದಳು.

ಅವಳು ಹಿತ್ತಲಿಗೆ ಬಂದು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸೀರೆ ಎದೆಯಿಂದ ಕೆಳಗೆ ರಕ್ತ ಒಣಗಿ ರಟ್ಟಾಗಿತ್ತು. ಚಪ್ಪಡಿಯ ಮೇಲೆ ಕೂತು ಚೊಂಬು ಎತ್ತಲು ಹೋದಳು, ಕೈ ಮೇಲೇಳಲಿಲ್ಲ. ಬಲಗೈ ಮಣಿಕಟ್ಟಿನವರೆಗೂ ಊದಿತ್ತು. ನಾನು ನೀರು ಹುಯ್ದೆ. ಸೀರೆಯನ್ನು ನೆನೆಸಿ ಹಿಂಡಲು ನೋಡಿದಳು, ಬೆರಳು ಮಡಚಲಿಲ್ಲ. ಅಡುಗೆಮನೆಯ ಹೊಸಿಲಲ್ಲಿ ನಿಂತು ನೋಡುತ್ತಿದ್ದ ಜೇಜಿ ಕೆಳಗಿಳಿದು ಬಂದಳು. ಹತ್ತಿರಕ್ಕೂ ಸುಳಿಯದ ಜೇಜಿ. ಸೀರೆಯನ್ನು ಅವ್ವನ ಕೈಯಿಂದ ಕಿತ್ತುಕೊಂಡು ಕಲ್ಲಿಗೆ ಬಡಿಯತೊಡಗಿದಳು. ಕೆಂಪು ನೀರು ಬಸಳೆ ಪಾತಿಗೆ ಹರಿಯಿತು. ಅಂದು ಅವ್ವನಿಗೆ ಎಡಗೈಯಲ್ಲಿ ತಿನ್ನಲು ಬಾರದೆ, ಶನಿವಾರದ ಬಸ್ಸಿಗೆ ಬಂದಿದ್ದ ಅಪ್ಪ ಕಲಸಿ ತುತ್ತು ಕೊಟ್ಟರು. ಅಧಿಕಾರಿ ಬಂದಿದ್ದ ವಿಷಯ ನಾನು ಹೇಳಿದೆ. ಅವ್ವ, ಬಂದಿದ್ರಾ, ಟೀ ಕೊಟ್ರಾ ಎಂದು ಕೇಳಿದಳು. ಅಷ್ಟೇ.

ನೋಟಿಸು ಬಂದದ್ದು ಹತ್ತು ಹನ್ನೆರಡು ದಿನದ ಮೇಲೆ, ನಾವು ಮೂವರೂ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ. ಅವ್ವ ಒಡೆದು ಓದಿ ನನ್ನ ಕೈಗೆ ಕೊಟ್ಟಳು. ಪೂರ್ವಾನುಮತಿಯಿಲ್ಲದೆ ಕೇಂದ್ರಸ್ಥಾನ ಬಿಟ್ಟು ಹೋಗಿರುವುದು ಕಂಡುಬಂದಿದೆ, ತಮ್ಮನ್ನು ಬೇರೆಡೆಗೆ ವರ್ಗಾಯಿಸಲು ಯಾಕೆ ಶಿಫಾರಸು ಮಾಡಬಾರದು ಎಂಬುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ನೀಡಿ ಎಂದಿತ್ತು. ಬೇರೆಡೆ ಎಂದರೆ ಎಲ್ಲಿಗಾದರೂ ಆಗಬಹುದಿತ್ತು. ಅಪ್ಪನ ಮಗ್ಗ ಒಂದು ಕಡೆ, ಅವ್ವ ಇನ್ನೊಂದು ಕಡೆ, ನಾನೂ ಜೇಜಿಯೂ ಮತ್ತೆಲ್ಲೋ. ಗಟ್ಟಿಯಾಗಿ ಓದು ಎಂದಳು ಜೇಜಿ. ಓದಿದೆ. ಕೆಳಗೆ ಇನ್ನೊಂದು ವಾಕ್ಯವಿತ್ತು: 'ಕುಟುಂಬದ ಹಿರಿಯ ಸದಸ್ಯರ ಹೇಳಿಕೆಯಂತೆ ತಾವು ಕೇಂದ್ರಸ್ಥಾನದಲ್ಲಿ ಇರುವುದೇ ಅಪರೂಪ.' ಕುಟುಂಬದ ಹಿರಿಯ ಸದಸ್ಯರು ಎಂದರೆ ಯಾರು ಎಂದು ಜೇಜಿ ಕೇಳಿದಳು. ನೀನೇ ಎಂದೆ. ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಅವ್ವನೇ ಹೋಗಿ ಕರೆದುಕೊಂಡು ಬರಬೇಕಾಯಿತು.

ನನ್ನ ಸಿಟ್ಟು ಏನೆಂದರೆ, ಪೂರ್ವಾನುಮತಿಯನ್ನು ಎಲ್ಲಿಂದ ತರುವುದು? ಊರಲ್ಲಿ ಫೋನಿಲ್ಲ. ತಳಕಿಗೆ ಹೋಗಿ ಫೋನು ಮಾಡಿ, ಅಲ್ಲಿ ಯಾರಾದರೂ ಎತ್ತಿ, ಸಾಹೇಬರು ಸೀಟಿನಲ್ಲಿದ್ದು, ಅನುಮತಿಸಲಾಗಿದೆ ಎನ್ನುವವರೆಗೆ ಒಬ್ಬಕ್ಕ ಗಾಡಿಯಲ್ಲಿ ಮಲಗಿ ನೋವು ತಿನ್ನುತ್ತ ಕಾಯಬೇಕಿತ್ತೇ? ಇದನ್ನೆಲ್ಲ ಹೀಗೇ ಬರೆಯೋಣ ಎಂದೆ. ಆ ಭಾನುವಾರ ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಅಪ್ಪ, ಸುಮ್ಮನೆ ಕ್ಷಮೆ ಕೇಳಿಬಿಡು, ಮುಗಿದುಹೋಗುತ್ತದೆ ಎಂದರು. ಅವ್ವನಿಗೂ ಅದೇ ಸರಿ ಎನಿಸಿತ್ತು. ತಪ್ಪಾಗಿದೆ, ಮುಂದೆ ಹೀಗೆ ಆಗದಂತೆ ನೋಡಿಕೊಳ್ಳುತ್ತೇನೆ ಎಂದು ಬರಿ ಎಂದಳು.

"ಮುಂದೆ ಹೀಗೆ ಆಗಲ್ಲ ಅಂದ್ರೆ ಏನವ್ವ? ಮುಂದೆ ಒಬ್ಬಕ್ಕನಂಥೋರು ಬಂದ್ರೆ ಸಾಯಲಿ ಅಂತ ಬಿಡ್ತೀಯಾ?"

"ಬಿಡಲ್ಲ. ಆದ್ರೆ ಹಂಗೆ ಬರೀ."

"ಸುಳ್ಳು ನಾನು ಬರಿಯಲ್ಲ."

ಅವ್ವ ನನ್ನ ಕೆನ್ನೆಗೆ ಹೊಡೆದದ್ದು ಜೀವಮಾನದಲ್ಲಿ ಅದೊಂದೇ ಸಲ. ಹೊಡೆದ ಕೈ ಬಲಗೈ. ಊತ ಪೂರ್ತಿ ಇಳಿದಿರಲಿಲ್ಲ, ನನಗಿಂತ ಅವಳಿಗೇ ಹೆಚ್ಚು ನೋವಾಯಿತು. ಅಪ್ಪ ಎದ್ದು ಹೊರಗೆ ಹೋದರು. ನಾನು ಅಳುತ್ತ ಕೂತೆ, ಪೆನ್ನು ಮುಟ್ಟಲಿಲ್ಲ. ಅಷ್ಟು ಹೊತ್ತೂ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಜೇಜಿ, ಮೊರ ಕೆಳಗಿಟ್ಟು, ಏಮೇ ಎಂದು ಅವ್ವನನ್ನು ಕರೆದಳು. ಹುಡುಗಿ ಹೇಳೋ ಹಾಗೆ ಬರೆಸು, ನಾನೂ ಬರುತ್ತೇನೆ ಎಂದಳು. ಎಲ್ಲಿಗೆ ಎಂದು ಅವ್ವ ಕೇಳಿದರೆ, ಆ ಜೀಪಿನವನ ಹತ್ತಿರ ಎಂದಳು. ಕೊನೆಗೆ ನಾನು ಬರೆದೆ. ಏನು ನಡೆಯಿತೋ ಅದನ್ನಷ್ಟೇ ಬರೆದೆ. ಒಬ್ಬಕ್ಕನ ಗಂಡ ಹೆಬ್ಬೆಟ್ಟು ಒತ್ತಿದ. 'ತಮ್ಮ ವಿಧೇಯಳು' ಮಾತ್ರ ಉಳಿಯಿತು, ಅದನ್ನು ಬಿಡಿಸಲು ನನಗೆ ಆಗಲಿಲ್ಲ.

ಬುಧವಾರ ನಾವು ಮೂವರೂ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದೆವು. ಜೇಜಿ ಮದುವೆ ಮುಂಜಿಗೆ ಉಡುವ ಸೀರೆ ಉಟ್ಟಿದ್ದಳು. ಊರು ಮುಟ್ಟುವ ಮೊದಲೇ ಎಣ್ಣೆ ಮಿಲ್ಲುಗಳ ವಾಸನೆ ಬಸ್ಸೊಳಗೆ ನುಗ್ಗಿತು. ಹೆದರಿಕೆಗೆ ಅವ್ವ ಬೆಳಿಗ್ಗೆ ಏನೂ ತಿಂದಿರಲಿಲ್ಲ. ಅಧಿಕಾರಿ ನಮ್ಮನ್ನು ತುಂಬ ಹೊತ್ತು ಕಾಯಿಸಲಿಲ್ಲ. ಕಾಗದ ಓದಿದರು, ಎರಡು ಸಲ ಓದಿದರು. ಆಮೇಲೆ ಫೈಲಿನಿಂದ ಇನ್ನೊಂದು ಹಾಳೆ ತೆಗೆದರು. ನೋಟಿಸು ಕಳಿಸಿದ ಮೇಲೆ ಊರಿನವರಿಂದ ಒಬ್ಬಕ್ಕನ ವಿಷಯ ಕಿವಿಗೆ ಬಿದ್ದು ಅವರು ಆಸ್ಪತ್ರೆಯನ್ನು ವಿಚಾರಿಸಿದ್ದರಂತೆ, ಅಲ್ಲಿಂದ ಬಂದ ದಾಖಲೆಯ ನಕಲು ಅದು. ಒಬ್ಬಕ್ಕನ ಹೆಸರು ಇತ್ತು, ದಿನ ಇತ್ತು. ಹೆರಿಗೆಯಾದ ಸ್ಥಳ: ಆಸ್ಪತ್ರೆ. ಹೆರಿಗೆ ಮಾಡಿಸಿದವರು: ವೈದ್ಯರು. ಕರೆತಂದವರು: ತಾಯಿ ಮತ್ತು ಸಂಬಂಧಿಕರು.

"ನೀವು ಹೋಗಿರಬಹುದಮ್ಮ, ಇಲ್ಲ ಅನ್ನಲ್ಲ. ಆದ್ರೆ ಕಾಗದದಲ್ಲಿ ನೀವು ಎಲ್ಲೂ ಇಲ್ವಲ್ಲ."

ರಕ್ತದಲ್ಲಿ ನೆಂದ ಸೀರೆಯ ಹೆಂಗಸನ್ನು ನರ್ಸು ಎಂದು ಯಾರೂ ಎಣಿಸಿರಲಿಲ್ಲ. ಅಥವಾ ಎಣಿಸಿದ್ದರೂ ಬರೆಯುವ ಅಂಕಣ ಇರಲಿಲ್ಲ. ಆಸ್ಪತ್ರೆಯಲ್ಲಾದ ಹೆರಿಗೆಗಳ ಸಂಖ್ಯೆ ಹೆಚ್ಚಬೇಕು ಎಂಬ ಒತ್ತಡಕ್ಕೆ ಗಾಡಿಯಲ್ಲಿ ಹುಟ್ಟಿದ ಕೂಸು ಆಸ್ಪತ್ರೆಯಲ್ಲಿ ಹುಟ್ಟಿದ್ದಾಯಿತು, ಊಟಕ್ಕೆ ಹೋಗಿದ್ದವರು ಹೆರಿಗೆ ಮಾಡಿಸಿದವರಾದರು. ಡ್ರಿಪ್ ಹಾಕಿದ ಆ ನರ್ಸಿನ ಹೆಸರೂ ಅಲ್ಲಿರಲಿಲ್ಲ. ಮನ್ನಣೆ ಎಂದರೆ ಹಾರ, ಶಾಲು ಎಂದುಕೊಂಡಿದ್ದ ನನಗೆ ಆ ಹಾಳೆ ಬೇರೆಯದನ್ನೇ ಕಲಿಸಿತು. ಮಾಡಿದವಳ ಹೆಸರು ಬರೆಯದಿದ್ದರೆ ನಾಳೆ ತೊಂದರೆಯಾದಾಗ ಅವಳು ಅಲ್ಲಿ ಇರಲೇ ಇಲ್ಲ. ಈಗ ನಾನು ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಮೇಣದಬತ್ತಿ ಹಚ್ಚಿಸಿ ತ್ಯಾಗಮಯಿ ಎಂದು ಭಾಷಣ ಮಾಡಲು ಬರುವವರ ಕೈಗೆಲ್ಲ ಒಂದು ಅರ್ಜಿ ಕೊಟ್ಟು ಕಳಿಸುತ್ತೇನೆ. ನನಗೆ ಜಗಳಗಂಟಿ ಎಂಬ ಹೆಸರಿದೆ. ಇರಲಿ.

ಅಧಿಕಾರಿಯ ಎದುರು ಅವ್ವ ತಲೆ ತಗ್ಗಿಸಿದಳು. ಒಬ್ಬಕ್ಕನ ಗಂಡನ ಹೆಬ್ಬೆಟ್ಟನ್ನು ನಾನು ತೋರಿಸಿದೆ. ಊರಿನವರು ಸಿಸ್ಟರಿಗಾಗಿ ಏನು ಬೇಕಾದರೂ ಒತ್ತಿಕೊಡುತ್ತಾರೆ ಎಂದರು ಅವರು. ಹಾಗಾದರೆ ಮನೆಯವರ ಮಾತನ್ನು ಯಾಕೆ ನಂಬಿದಿರಿ ಎಂದು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಜೇಜಿ ಮುಂದೆ ಬಂದು ಮೇಜಿನ ಅಂಚು ಹಿಡಿದುಕೊಂಡಳು.

"ಸ್ವಾಮಿ, ಅವತ್ತು ನಾನು ಆಡಿದ್ದು ಅತ್ತೆ ಸೊಸೆ ಜಗಳದ ಮಾತು. ಪಾತ್ರೆ ಸೀದಿತ್ತು, ಅದಕ್ಕೆ ಆಡಿದೆ. ಅದನ್ನ ನೀವು ಬರ್ಕೊಂಡ್ರಿ. ಅವತ್ತೇ ಸಾಯಂಕಾಲ ಈಕೆ ಸೀರೆ ನಾನು ಒಗೆದೆ. ಮೂರು ಸಲ ಕಲ್ಲಿಗೆ ಹಾಕಿದ್ರೂ ರಕ್ತ ಬಿಡಲಿಲ್ಲ. ಅದನ್ನೂ ಬರ್ಕೊಳ್ರಿ."

ಅವ್ವ ತಲೆ ಎತ್ತಿ ಜೇಜಿಯನ್ನು ನೋಡಿದಳು. ಅಧಿಕಾರಿ ಆಸ್ಪತ್ರೆಯ ಹಾಳೆಯನ್ನು ಫೈಲಿಗೆ ಸೇರಿಸಿ, ನಿಮಗೂ ಆ ರೋಗಿಗೂ ಸಂಬಂಧವಿಲ್ಲದ ಯಾರಾದರೂ ನೋಡಿದವರು ಇದ್ದರೆ ಹೇಳಿ ಎಂದರು. ಗಾಡಿಯವರು ಎಂದೆ. ಅವ್ವ ತಕ್ಷಣ, ಬೇಡ, ಅವರಿಗೆ ಯಾಕೆ ಕಚೇರಿ ತಾಪತ್ರಯ ಎಂದಳು. ಮಧ್ಯಾಹ್ನದೊಳಗೆ ಕರೆತಂದರೆ ನೋಡೋಣ ಎಂದರು ಅಧಿಕಾರಿ. ಅವ್ವನನ್ನು ಕಚೇರಿಯ ಜಗಲಿಯಲ್ಲಿ ಕೂರಿಸಿ ಜೇಜಿಯೂ ನಾನೂ ಗ್ಯಾರೇಜು ಹುಡುಕಿಕೊಂಡು ಹೊರಟೆವು.

ಗೌಸ್ ಸಾಬರ ಮನೆಯೂ ಗ್ಯಾರೇಜೂ ಒಂದೇ ಅಂಗಳದಲ್ಲಿದ್ದವು. ಅವರು ಒಂದು ಲಾರಿಯ ಕೆಳಗೆ ಮಲಗಿದ್ದರು. ಹೊರಗೆ ಕಾಣುತ್ತಿದ್ದದ್ದು ಕಾಲು ಮಾತ್ರ. ಅವರ ತಾಯಿ ನಮ್ಮನ್ನು ಒಳಗೆ ಕೂರಿಸಿ ನೀರು ಕೊಟ್ಟರು. ವಿಷಯ ಕೇಳಿ ಹೊರಗೆ ಹೋಗಿ ಲಾರಿಯ ಕೆಳಗೆ ಬಗ್ಗಿ ಉರ್ದುವಿನಲ್ಲಿ ಮಗನಿಗೆ ಏನೋ ಹೇಳಿದರು. ಜೇಜಿಗೆ ಆ ಮನೆಯಲ್ಲಿ ನೀರು ಕುಡಿಯುವುದೋ ಬೇಡವೋ ಎಂಬ ಯೋಚನೆ ಒಂದು ಗಳಿಗೆ ಬಂದಿರಬೇಕು. ಲೋಟ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ಆಮೇಲೆ ಪೂರ್ತಿ ಕುಡಿದಳು. ಗೌಸ್ ಸಾಬರು ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಗಿ ಬದಲಿಸಿ, ನಡೀರಿ ಎಂದರು. ತಾಪತ್ರಯ ಗೀಪತ್ರಯ ಎಂದು ಒಂದು ಮಾತೂ ಆಡಲಿಲ್ಲ.

ಕಚೇರಿಯಲ್ಲಿ ಅವರು ಕೂರಲು ಒಪ್ಪಲಿಲ್ಲ. ನಿಂತೇ ಹೇಳಿದರು.

"ರಿಶ್ತಾ, ಸಂಬಂಧ ಏನೂ ಇಲ್ಲ ಸಾಬ್. ಗಾಡಿ ನಂದು, ಅಷ್ಟೇ. ಹೆರಿಗೆ ನನ್ನ ಗಾಡಿನಾಗೇ ಆಯ್ತು, ತಳಕು ದಾಟಿದ ಮ್ಯಾಲೆ. ಕೂಸು ಅಳಲಿಲ್ಲ, ಈ ಅಮ್ಮ ಬಾಯಿಂದ ಊದಿದ್ರು. ಆಮೇಲೆ ಆಸ್ಪತ್ರೆ ತನಕ ಇವರು ಕೈ ತೆಗೀಲಿಲ್ಲ. ನಾನು ಕನ್ನಡೀನಾಗೆ ನೋಡ್ತಾನೇ ಇದ್ದೆ. ನಿಲ್ಲಿಸಲಾ ಅಂದೆ, ನಿಲ್ಲಿಸಬ್ಯಾಡ ಓಡಿಸು ಅಂದ್ರು. ಆಸ್ಪತ್ರೆನಾಗೆ ಹೆಣ್ಣುಮಗಳನ್ನ ನಾನೂ ಇವರೂ ಸೇರಿ ಎತ್ತಿ ಇಳಿಸಿದ್ವಿ."

ಅಧಿಕಾರಿ ಅದನ್ನು ಬರೆಸಿಕೊಂಡರು. ಗೌಸ್ ಸಾಬರು ಉರ್ದುವಿನಲ್ಲಿ ಸಹಿ ಹಾಕಿದರು. ಹೊರಗೆ ಬಂದ ಮೇಲೆ ಅವ್ವ ಕೈ ಮುಗಿದಳು. ಅವರು ಕೂಸು ಹೇಗಿದೆ ಎಂದು ಕೇಳಿದರು. ಚೆನ್ನಾಗೈತೆ ಎಂದಾಗ, ಅಮ್ಮಾಗೆ ಹೇಳ್ತೀನಿ, ದಿನಾ ಕೇಳ್ತಾರೆ ಎಂದು ಹೇಳಿ ಗ್ಯಾರೇಜಿನ ಕಡೆ ಹೊರಟುಹೋದರು.

ಆದೇಶ ಬಂದದ್ದು ಶೇಂಗಾ ಕೀಳುವ ಹೊತ್ತಿಗೆ. ಸಮಜಾಯಿಷಿಯನ್ನು ಪರಿಶೀಲಿಸಲಾಗಿದೆ, ಮುಂದೆ ಕೇಂದ್ರಸ್ಥಾನ ಬಿಡುವಾಗ ಪೂರ್ವಾನುಮತಿ ಪಡೆಯುವಂತೆ ಎಚ್ಚರಿಕೆ ನೀಡಿ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ವರ್ಗಾವಣೆ ತಪ್ಪಿತು. ಅಪ್ಪ ಮೊಳಕಾಲ್ಮುರಿನಿಂದ ಖಾರ ಮಂಡಕ್ಕಿ ತಂದರು, ಜೇಜಿ ಹೋಳಿಗೆ ಮಾಡಿದಳು. ನಾನು ಮಾತ್ರ, ಎಚ್ಚರಿಕೆ ಎಂದರೆ ತಪ್ಪು ಮಾಡಿದಳು ಎಂದೇ ಅಲ್ಲವೇ, ಅದನ್ನು ತೆಗೆಸಬೇಕು ಎಂದು ಕೂಗಾಡಿದೆ. ಅದು ಅವ್ವನ ಸೇವಾ ಪುಸ್ತಕದಲ್ಲಿ ನಿವೃತ್ತಿಯವರೆಗೂ ಹಾಗೇ ಉಳಿಯಿತು. ಅವ್ವ ಹೋಳಿಗೆ ತಿಂದು, ಬಾ ಇಲ್ಲಿ, ಕೂಗೋದು ಬಿಟ್ಟು ಬರೀ ಎಂದು ಕೇಂದ್ರದ ಹೆರಿಗೆ ಪುಸ್ತಕವನ್ನು ನನ್ನ ಮುಂದಿಟ್ಟಳು. ಆಸ್ಪತ್ರೆಯವರು ಬರೆದುಕೊಂಡಿದ್ದಾರಲ್ಲ ಎಂದು ಅವಳು ಒಬ್ಬಕ್ಕನ ಹೆರಿಗೆಯನ್ನು ಅದರಲ್ಲಿ ದಾಖಲಿಸಿಯೇ ಇರಲಿಲ್ಲ. ಅವಳು ಹೇಳಿದಳು, ನಾನು ಬರೆದೆ. ಮಗು: ಹೆಣ್ಣು. ಸ್ಥಳ: ತಳಕು ದಾಟಿ, ವಾಹನದಲ್ಲಿ. ಹೆರಿಗೆ ಮಾಡಿಸಿದವರು: ಕೆ. ಅನಸೂಯ.

ಮುಂದಿನ ತಿಂಗಳು ಮೇಲ್ವಿಚಾರಕಿ ಶಾಂತಮ್ಮನವರು ಪುಸ್ತಕ ನೋಡಲು ಬಂದರು. ಒಳ್ಳೆಯ ಹೆಂಗಸು, ತಾವೂ ಹೆರಿಗೆ ಮಾಡಿಸಿ ಮಾಡಿಸಿ ಬಗ್ಗಿದವರು. ಆ ಸಾಲಿನ ಮೇಲೆ ಬೆರಳಿಟ್ಟು ನಿಂತರು. ತಿಂಗಳ ವರದಿಯಲ್ಲಿ ಒಂದೇ ಕೂಸು ಎರಡು ಕಡೆ ಲೆಕ್ಕಕ್ಕೆ ಬಂದಿದೆ, ಮೇಲಿನಿಂದ ಆಕ್ಷೇಪಣೆ ಬಂದಿದೆ, ಒಂದನ್ನು ಹೊಡೆಯಲೇಬೇಕು ಎಂದರು. ಪೆನ್ನಿನ ಮುಚ್ಚಳ ತೆಗೆದು ಅವ್ವನ ಕೈಗೆ ಕೊಟ್ಟರು. ನಾನು ಜಮಖಾನ ಸರಿಸಿ ನೋಡುತ್ತ ನಿಂತಿದ್ದೆ. ಅವ್ವ ಹೊಡೆಯುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಇಷ್ಟು ವರ್ಷ ಯಾರು ಏನು ಹೇಳಿದರೂ ಹೂಂ ಎಂದವಳು. ಅವಳು ಪೆನ್ನಿಗೆ ಮುಚ್ಚಳ ಹಾಕಿ ಶಾಂತಮ್ಮನವರ ಮುಂದಿಟ್ಟಳು.

"ಒಂದು ಹೊಡೀಬೇಕು ಅಂದ್ರೆ ಅವರದ್ದು ಹೊಡೀರಿ ಅಕ್ಕಾ. ನಂದು ನಾನು ಹೊಡೆಯಲ್ಲ."

ಶಾಂತಮ್ಮನವರು ಅವ್ವನ ಮುಖ ನೋಡಿದರು. ಆಮೇಲೆ ಅದೇ ಪೆನ್ನು ತೆಗೆದು ಆ ಪುಟದ ಕೆಳಗೆ, ಪರಿಶೀಲಿಸಿದೆ, ಸರಿಯಾಗಿದೆ ಎಂದು ಬರೆದು ಸಹಿ ಹಾಕಿದರು.